ತೊಳೆದ ಎಂಜಿನ್ನು

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಪೋ ನದಿಯ ಮೇಲಿನ ಮಂಜು ಬೆಳಗ್ಗೆ ಹನ್ನೊಂದಾದರೂ ಏಳುತ್ತಿರಲಿಲ್ಲ, ನಾಲ್ಕು ಗಂಟೆಗೆಲ್ಲ ಮತ್ತೆ ಬಂದು ಕೂತುಬಿಡುತ್ತಿತ್ತು. ನಡುವೆ ಸಿಕ್ಕುವ ಅಷ್ಟು ಬಿಸಿಲಲ್ಲೇ ಊರಿನವರು ಬಟ್ಟೆ ಒಣಗಿಸಬೇಕು, ಕೆಲಸ ಮುಗಿಸಬೇಕು. ಅಂಥ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ, ಲೆಯಾರ್ಕೊ ಊಟದ ಮೇಜಿನಿಂದ ಎದ್ದವನೇ ಇಸ್ತ್ರಿ ಅಂಗಿ ಹಾಕಿಕೊಂಡ. ಇದು ತೊಂಬತ್ತೆಂಟನೇ ಇಸವಿಯ ಮಾತು.

‘ಯಾರ ಮದುವೆ?’ ಅಂತ ಕೇಳಿದಳು ಅವನ ಹೆಂಡತಿ ಆರ್ಜಿಯಾ.

‘ಎರ್ಮೆಸ್ ಮನೆ ತನಕ ಹೋಗ್ಬರ್ತೀನಿ. ಕಾರು ನೋಡ್ಬೇಕು.’

‘ಕಾರು ನೋಡೋಕೆ ಇಸ್ತ್ರಿ ಅಂಗಿ. ನನ್ನನ್ನ ನೋಡೋಕೆ ಬಂದಾಗ ಮೊಣಕೈ ತನಕ ಗ್ರೀಸ್ ಇತ್ತು.’

‘ನೀನು ಬೇಡ ಅಂದ್ಯಾ?’

‘ಅನ್ಬೇಕಿತ್ತು. ಹೋಗು, ಮಂಜು ಬರೋದ್ರೊಳಗೆ ಬಾ.’

ಲೆಯಾರ್ಕೊಗೆ ಎಪ್ಪತ್ತು ತುಂಬಿ ಹತ್ತು ದಿನ ಆಗಿತ್ತು. ನಲವತ್ತು ವರ್ಷ ಟ್ರಾಕ್ಟರ್ ರಿಪೇರಿ ಮಾಡಿದವನು. ಟ್ರಾಕ್ಟರ್ ಅಂತ ಹೆಸರಿಗೆ. ಊರಲ್ಲಿ ಚಕ್ರ ಇದ್ದದ್ದೆಲ್ಲ ಅವನ ಶೆಡ್ಡಿಗೇ ಬರುತ್ತಿತ್ತು. ತಾನು ಮಾತ್ರ ಜೀವಮಾನವಿಡೀ ಒಂದು ಡೀಸೆಲ್ ವ್ಯಾನಿನಲ್ಲೇ ಓಡಾಡಿದ. ಹಿಂದಿನ ವಾರ ಲೈಸೆನ್ಸ್ ಡಾಕ್ಟರು ಅವನ ಕಣ್ಣು, ಕಿವಿ ನೋಡಿ ಮೂರು ವರ್ಷಕ್ಕೆ ಮುದ್ರೆ ಒತ್ತಿ ಕೊಟ್ಟಿದ್ದರು. ಎಪ್ಪತ್ತಾದ ಮೇಲೆ ಅಷ್ಟೇ ಕೊಡುವುದು. ಆವತ್ತಿನಿಂದ ಅವನ ತಲೆಯಲ್ಲಿ ಒಂದೇ ಲೆಕ್ಕ: ಇನ್ನು ಮೂರು ವರ್ಷ. ಈ ಮೂರು ವರ್ಷ ಯಾವ ಗಾಡಿಯಲ್ಲಿ?

ಯಾವ ಗಾಡಿ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಸರ್ವೇಯರ್ ಎರ್ಮೆಸ್‌ರ ಹತ್ತಿರ ಕಡುಗೆಂಪು ಬಣ್ಣದ ಕಾರೊಂದಿತ್ತು. ಹೊರಗೆ ನೋಡಿದರೆ ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರು, ಒಳಗೆ ಆರು ಸಿಲಿಂಡರಿನ ಪಂದ್ಯದ ಕುದುರೆ. ಎಂಟು ವರ್ಷದ ಹಿಂದೆ ಹೊಸದಾಗಿ ಮಿಲಾನ್ ಕಡೆಯಿಂದ ಬಂದಾಗ ಹೇಗಿತ್ತೋ ಈಗಲೂ ಹಾಗೇ ಇತ್ತು. ಅದು ನದಿ ಏರಿಯ ರಸ್ತೆಯಲ್ಲಿ ಹೋದರೆ ಲೆಯಾರ್ಕೊ ಟ್ರಾಕ್ಟರಿನ ಹೊಟ್ಟೆಯೊಳಗಿನಿಂದ ತಲೆ ಹೊರಗೆ ಹಾಕುತ್ತಿದ್ದ. ಶಬ್ದ ಪೂರ್ತಿ ಅಡಗುವ ತನಕ ಸ್ಪ್ಯಾನರ್ ಆಡುತ್ತಿರಲಿಲ್ಲ.

ಆದರೆ ಆ ಕಾರಿನ ಬಾನೆಟ್ಟನ್ನು ಅವನು ಒಂದು ಸಲವೂ ಎತ್ತಿರಲಿಲ್ಲ. ಎರ್ಮೆಸ್‌ರ ಹಿಂದಿನ ಮೂರು ಕಾರು, ಅದಕ್ಕೂ ಮುಂಚಿನ ಮೋಟಾರ್ ಸೈಕಲ್ಲು, ಎಲ್ಲ ಅವನ ಕೈಯಲ್ಲೇ ಬೆಳೆದವು. ಇದೊಂದನ್ನು ಮಾತ್ರ ಅವರು ಪಟ್ಟಣದ ವರ್ಕ್‌ಶಾಪಿಗೆ ಒಯ್ದರು. ಲೆಯಾರ್ಕೊ ಯಾಕೆ ಅಂತ ಕೇಳಲಿಲ್ಲ, ಅವರೂ ಹೇಳಲಿಲ್ಲ. ಭಾನುವಾರ ಸಂಜೆ ಇಬ್ಬರೂ ಎದುರುಬದುರು ಕೂತು ಇಸ್ಪೀಟು ಆಡುವುದು ತಪ್ಪಲಿಲ್ಲ. ಮಾತು ಬಿಟ್ಟಿರಲಿಲ್ಲ, ಕಾರಿನ ಮಾತೊಂದನ್ನು ಬಿಟ್ಟಿದ್ದರು, ಅಷ್ಟೆ.

ಈಗ ಎರ್ಮೆಸ್‌ರಿಗೆ ಎಂಬತ್ತೊಂದು. ಕಣ್ಣಿಗೆ ಪೊರೆ ಬಂದು, ಡಾಕ್ಟರು ಲೈಸೆನ್ಸನ್ನೇ ಎತ್ತಿಟ್ಟುಕೊಂಡಿದ್ದರು. ಗಂಡ ಹೆಂಡತಿ ಇಬ್ಬರೂ ಇಸೇಯೊ ಸರೋವರದ ಹತ್ತಿರ ಇರುವ ಮಗಳ ಊರಿಗೆ ಹೊರಟಿದ್ದರು. ಆ ಸೀಮೆಯಲ್ಲಿ ಮನೆ ಬದಲಾಯಿಸುವುದೆಂದರೆ ನವೆಂಬರ್ ಹನ್ನೊಂದು, ಸಂತ ಮಾರ್ತಿನೊ ದಿನ. ಹಿಂದೆ ಗೇಣಿ ಒಕ್ಕಲಿನವರು ಎತ್ತಿನ ಗಾಡಿಗೆ ಮಂಚ, ಕೋಳಿ, ಮುದುಕಿಯರನ್ನೆಲ್ಲ ಹೇರಿಕೊಂಡು ಆವತ್ತೇ ಹೊರಡುತ್ತಿದ್ದರು. ಗಾಡಿ ಹೋಯಿತು, ಗೇಣಿ ಹೋಯಿತು, ದಿನ ಮಾತ್ರ ಉಳಿಯಿತು. ಅಷ್ಟರೊಳಗೆ ಕಾರು ಮಾರಬೇಕು. ಪಾರ್ಮಾದ ಹಳೇ ಕಾರಿನ ದಲ್ಲಾಳಿಯೊಬ್ಬ ಶನಿವಾರ ಬರುವುದಾಗಿ ಹೇಳಿದ್ದ. ಅದಕ್ಕೂ ಮೊದಲು ಎರ್ಮೆಸ್ ಇಸ್ಪೀಟು ಮೇಜಿನಲ್ಲಿ, ಎಲೆಯಿಂದ ಕಣ್ಣೆತ್ತದೆ, ‘ಲೆಯಾರ್ಕೊ, ಮೊದಲು ನೀನು ಬಂದು ನೋಡು’ ಅಂದಿದ್ದರು.

ಲೆಯಾರ್ಕೊ ಹೋದಾಗ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಎರ್ಮೆಸ್ ಕೋಟು ಹಾಕಿಕೊಂಡು, ಟೈ ಕಟ್ಟಿಕೊಂಡು ಕಾರಿನ ಪಕ್ಕದಲ್ಲಿ ನಿಂತಿದ್ದರು. ಅವರ ಹೆಂಡತಿ ದಿರ್ಚೆ ತಟ್ಟೆಯಲ್ಲಿ ಕಾಫಿ ತಂದು ನಿಂತಳು.

ಲೆಯಾರ್ಕೊ ಕಾಫಿ ಮುಟ್ಟುವ ಮೊದಲು ಅಭ್ಯಾಸಬಲದಿಂದ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟ. ಬೆಚ್ಚಗಿತ್ತು. ಮುಖ ಸ್ವಲ್ಪ ಬಿಗಿಯಿತು. ಬಾನೆಟ್ ಎತ್ತಿದ. ಎಂಜಿನ್ನು ಇಗರ್ಜಿಯ ಬೆಳ್ಳಿ ಪಾತ್ರೆಯ ಹಾಗೆ ಥಳಥಳ ಅಂತಿತ್ತು. ಒಂದು ಚಿಟಿಕೆ ಧೂಳಿಲ್ಲ, ಒಂದು ಹನಿ ಜಿಡ್ಡಿಲ್ಲ.

ಹಳೇ ಕಾರು ಕೊಳ್ಳುವವರಿಗೆ ಆ ಕಡೆ ಪ್ರಾರ್ಥನೆಗಿಂತ ಮೊದಲು ಎರಡು ಮಾತು ಕಲಿಸುತ್ತಾರೆ: ಎಂಜಿನ್ನು ತಣ್ಣಗಿರಬೇಕು, ಎಂಜಿನ್ನು ಕೊಳಕಾಗಿರಬೇಕು. ತಣ್ಣಗಿದ್ದಾಗ ಶುರು ಮಾಡಿದರೆ ಸವೆದ ಎಂಜಿನ್ನು ಕೆಮ್ಮುತ್ತದೆ, ಲಟಗುಟ್ಟುತ್ತದೆ, ನೀಲಿ ಹೊಗೆ ಉಗುಳುತ್ತದೆ. ಬಿಸಿಯಾದ ಮೇಲೆ ಎಲ್ಲವೂ ಸಭ್ಯಸ್ಥರೇ. ಎಣ್ಣೆ ಎಲ್ಲೆಲ್ಲಿ ಸೋರಿದೆ, ಎಷ್ಟು ಕಾಲದಿಂದ ಸೋರಿದೆ ಅನ್ನುವುದನ್ನು ಕೊಳೆಯೇ ಹೇಳಬೇಕು. ಬಿಸಿ ಮಾಡಿ, ತೊಳೆದು ತೋರಿಸುವವನು ಪಕ್ಕಾ ಮೋಸಗಾರ ಅಂತ ಮಕ್ಕಳಿಗೂ ಗೊತ್ತು.

ಎರ್ಮೆಸ್ ಕೈ ಚಾಚಿ ಬೀಗದ ಕೈ ತಿರುಗಿಸಿದರು. ಎಂಜಿನ್ನು ಒಂದೇ ಏಟಿಗೆ ಎದ್ದು ಹಾಡಲು ಶುರು ಮಾಡಿತು.

‘ಹೇಗಿದೆ?’ ಅಂದರು ಎರ್ಮೆಸ್, ಮುಖ ಅರಳಿಸಿಕೊಂಡು.

‘ಯಾವ ಕಾಯಿಲೇನ ತೊಳೆದ್ರಿ, ಸರ್ವೇಯರ್ರೇ?’

‘ಏನಂದೆ?’

‘ಈ ಆಟಾನ ಔಷಧಿ ಅಂಗಡಿಯೋನ ಹತ್ರ ಆಡಿ. ಪಾದ್ರಿ ಹತ್ರ ಆಡಿ. ನನ್ನ ಹತ್ರ ಯಾಕೆ?’

ಎರ್ಮೆಸ್‌ರ ಮುಖ ಸುಣ್ಣದ ಹಾಗಾಯಿತು. ‘ಶನಿವಾರ ಪಾರ್ಮಾದೋನು ಬರ್ತಾನೆ. ನೀನು ಬೇಡ ಅಂದ್ರೆ—’

‘ಅವನಿಗೇ ಕೊಡಿ. ನೀವಿಬ್ರೂ ಒಂದೇ ಬಾವಿ ನೀರು ಕುಡ್ದೋರು.’

ಇಷ್ಟು ಹೇಳಿ ಲೆಯಾರ್ಕೊ ಹೊರಟ. ಕಾಫಿ ಕುಡಿಯಲಿಲ್ಲ. ದಿರ್ಚೆ ತಟ್ಟೆ ಹಿಡಿದುಕೊಂಡು ನಿಂತವಳು ನಿಂತೇ ಇದ್ದಳು.

ಮನೆಗೆ ಬಂದು ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಆರ್ಜಿಯಾ ಸಿಹಿಕುಂಬಳದ ಹೂರಣ ತುಂಬಿದ ತೊರ್ತೆಲ್ಲಿ ಕಡುಬು ಮಾಡಿ ಬೆಣ್ಣೆ ಸುರಿದು ಮುಂದಿಟ್ಟರೂ ನಾಲ್ಕು ತಿಂದು ತಟ್ಟೆ ಸರಿಸಿದ.

‘ಒಳ್ಳೇದೇ ಆಯ್ತು ಬಿಡು’ ಅಂದಳು ಆರ್ಜಿಯಾ. ‘ಆ ಗಿಡ್ಡ ಕಾರಲ್ಲಿ ವೈನಿನ ದೊಡ್ಡ ಜಾಡಿ ಎಲ್ಲಿಡ್ತಿದ್ದೆ, ತೊಡೆ ಮೇಲಾ? ಎತ್ತರದ್ದು ಒಂದು ತಗೋ. ಬಾಗಿಲು ತೆಗೆದ್ರೆ ಕುರ್ಚಿ ಮೇಲೆ ಕೂತ ಹಾಗೆ ಕೂರೋ ಅಂಥದ್ದು.’

‘ಕಾರಿನ ವಿಷಯ ಅಲ್ಲ ಮಾರಾಯ್ತಿ. ನನಗೆ ಮೋಸ ಮಾಡೋಕೆ ನೋಡಿದ್ನಲ್ಲ, ಎರ್ಮೆಸ್ಸು!’

‘ಕಾರಿನ ವಿಷಯಾನೇ’ ಅಂದಳು ಆರ್ಜಿಯಾ. ‘ನಿನ್ನ ಮುಖ ನನಗೆ ಗೊತ್ತಿಲ್ವಾ?’

ಬುಧವಾರ ಬೆಳಗ್ಗೆ ಆರ್ಜಿಯಾ ಬ್ರೆಡ್ ಅಂಗಡಿಗೆ ಹೋದಾಗ ದಿರ್ಚೆ ಸಾಲಿನಲ್ಲಿ ಮುಂದೆ ನಿಂತಿದ್ದಳು. ತಿರುಗಿ ನೋಡಿದವಳು ಮತ್ತೆ ಆ ಕಡೆ ತಿರುಗಿಕೊಂಡಳು. ಚೀಲ ಈಸಿಕೊಳ್ಳಲು ಅವಳು ಕೈ ಚಾಚಿದಾಗ ಆರ್ಜಿಯಾ ಅವಳ ಉಗುರು ನೋಡಿದಳು. ಹತ್ತು ಉಗುರಿನ ಸಂದಿಯಲ್ಲೂ ಕಪ್ಪು. ಮದುವೆಯಾಗಿ ನಲವತ್ತಾರು ವರ್ಷದಿಂದ ಗಂಡನ ಕೈಯಲ್ಲಿ ಕಂಡ ಕಪ್ಪೇ ಅದು.

‘ದಿರ್ಚೆ, ಏನೇ ಇದು ಕೈ?’

‘ನಿನ್ನ ಗಂಡನ್ನ ಕೇಳು’ ಅಂದಳು ದಿರ್ಚೆ. ಆಮೇಲೆ ತಡೆಯಲಾಗದೆ ಎಲ್ಲರೆದುರಿಗೇ ಶುರು ಮಾಡಿದಳು. ‘ಎರಡು ದಿನ ಕಣೇ! ಎರಡು ದಿನ ಹಳೇ ಹಲ್ಲುಜ್ಜೋ ಬ್ರಷ್ಷು, ಸೀಮೆಎಣ್ಣೆ ಇಟ್ಕೊಂಡು ಆ ಎಂಜಿನ್ ಉಜ್ಜಿದೀನಿ. ಲೆಯಾರ್ಕೊ ಬರ್ತಾನೆ, ಅವನಿಗೆ ಕೊಳಕು ಎಂಜಿನ್ ತೋರ್ಸೋದಾ ಅಂತ. ಇವರು ಊಟ ಬಿಟ್ಟು ಅರ್ಧ ಗಂಟೆ ಅದನ್ನ ನಿಂತಲ್ಲೇ ಓಡಿಸಿ ಬಿಸಿ ಮಾಡಿಟ್ರು. ತಣ್ಣಗಿದ್ದಾಗ ಗಾಡಿ ಜೋರಾಗಿ ಓಡಿಸ್ಬೇಡಿ ಅಂತ ನಿನ್ನ ಗಂಡಾನೇ ನಲವತ್ತು ವರ್ಷ ಬೈದಿದಾನಲ್ಲ! ಬಂದ ತಕ್ಷಣ ಕೂತು ಓಡಿಸ್ಲಿ ಅಂತ. ನಿನ್ನ ಗಂಡ ಏನ್ಮಾಡಿದ? ಕಾಫಿ ಕೂಡ ಕುಡೀಲಿಲ್ಲ.’

ಆರ್ಜಿಯಾ ಮೊದಲು ಬಾಯಿ ತೆರೆದಳು. ಆಮೇಲೆ ನಗಲು ಶುರು ಮಾಡಿದಳು. ನಕ್ಕು ನಕ್ಕು ಹಿಟ್ಟಿನ ಮೂಟೆ ಮೇಲೆ ಕೂತುಬಿಟ್ಟಳು. ದಿರ್ಚೆಗೆ ಸಿಟ್ಟು ಬಂತು. ಸಂಗತಿ ಏನೆಂದು ಕಿವಿಯಲ್ಲಿ ಹೇಳಿದ ಮೇಲೆ ಅವಳೂ ಪಕ್ಕದ ಮೂಟೆಯ ಮೇಲೆ ಕೂತಳು. ಅಂಗಡಿಯವನು ಇಬ್ಬರನ್ನೂ ಎಬ್ಬಿಸಿ ಕಳಿಸಬೇಕಾಯಿತು.

ಮನೆಗೆ ಬಂದು ಹೇಳಿದರೆ ಲೆಯಾರ್ಕೊ ‘ಸುಳ್ಳು’ ಅಂದ.

‘ಅವಳ ಉಗುರು ನೋಡಿದೀನಿ.’

ಅವನು ತನ್ನ ಉಗುರು ನೋಡಿಕೊಂಡ. ಆಡಿದ ಮಾತೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಆದರೂ ಅವನೊಳಗಿನ ಮೆಕ್ಯಾನಿಕ್ಕು ಸುಮ್ಮನಿರಲಿಲ್ಲ. ಪ್ರೀತಿಯಿಂದ ತೊಳೆದರೂ ತೊಳೆದದ್ದು ತೊಳೆದದ್ದೇ, ಗುರುತು ಹೋಯಿತು. ಮರ್ಯಾದೆಗೆ ಬಿಸಿ ಮಾಡಿದರೂ ಬಿಸಿ ಎಂಜಿನ್ನು ನಿಜ ಹೇಳುವುದಿಲ್ಲ. ಅಷ್ಟೆಲ್ಲ ಅಂದು ಬಂದವನು ಇನ್ನೊಮ್ಮೆ ಹೋಗಿ, ತಣ್ಣಗಿರುವಾಗ ಶುರು ಮಾಡಿ ತೋರಿಸಿ ಅಂತ ಯಾವ ಬಾಯಿಂದ ಕೇಳುವುದು? ಕೇಳದೆ ಕೊಳ್ಳುವುದು ಹೇಗೆ? ಶನಿವಾರಕ್ಕೆ ಇನ್ನು ಮೂರೇ ದಿನ.

ಆರ್ಜಿಯಾ ಒಲೆಯ ಕಡೆ ಮುಖ ಮಾಡಿ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ತಿರುವುತ್ತಿದ್ದಳು. ‘ಬ್ಯಾಟರಿ ಸಾಯಬಾರದು ಅಂತ ಎರ್ಮೆಸ್ಸು ಪ್ರತಿ ಗುರುವಾರ ಬೆಳಗ್ಗೆ ಆರೂವರೆಗೆ ಕಾರು ಶುರು ಮಾಡ್ತಾರಂತೆ’ ಅಂದಳು, ಪಾತ್ರೆಗೇ ಹೇಳುವವಳ ಹಾಗೆ. ‘ನಾಳೆ ಗುರುವಾರ.’

ಗುರುವಾರ ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಲೆಯಾರ್ಕೊಗೆ ತನ್ನ ಸೈಕಲ್ಲಿನ ಮುಂದಿನ ಚಕ್ರವೇ ಕಾಣುತ್ತಿರಲಿಲ್ಲ. ಎರ್ಮೆಸ್‌ರ ಮನೆಯ ಬೇಲಿಗೆ ಸೈಕಲ್ ಒರಗಿಸಿ, ಶೆಡ್ಡಿನ ಹಿಂದಿನ ಮೂಲೆಯಲ್ಲಿ, ಬೇಲಿಗೆ ಮುಖ ಮಾಡಿ, ಉಸಿರು ಬಿಗಿ ಹಿಡಿದು ನಿಂತ. ಟೋಪಿಯಿಂದ ನೀರು ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು.

‘ಯಾರದು?’ ಬೇಲಿಯ ಆ ಕಡೆಯಿಂದ ದಿರ್ಚೆಯ ದನಿ ಬಂತು. ಗುಲಾಬಿ ಬುಡಕ್ಕೆ ಕಾಫಿ ಚರಟ ಹಾಕಲು ಬಂದಿದ್ದಳು. ‘ನನ್ನ ಬೇಲಿ ಒದ್ದೆ ಮಾಡ್ತಿರೋದು ಯಾರು?’

‘ನಾನಮ್ಮಾ. ಲೆಯಾರ್ಕೊ.’

‘ಎಪ್ಪತ್ತು ವರ್ಷ ಆಯ್ತು, ಮನೇಲಿ ಜಾಗ ಇಲ್ವೇನೋ?’

‘ಅಯ್ಯೋ, ಅದಲ್ಲಮ್ಮಾ. ಕೇಳೋಕೆ ಬಂದೆ.’

‘ಏನು ಕೇಳೋಕೆ?’

ಅಷ್ಟರಲ್ಲಿ ಶೆಡ್ಡಿನೊಳಗೆ ಸ್ಟಾರ್ಟರ್ ಗುರುಗುಟ್ಟಿತು. ಲೆಯಾರ್ಕೊ ಕೈ ಎತ್ತಿದ. ದಿರ್ಚೆ ಬಾಯಿ ಮುಚ್ಚಿದಳು. ಬೇಲಿಯ ಎರಡೂ ಕಡೆ ಇಬ್ಬರೂ ಅಲುಗಾಡದೆ ನಿಂತರು.

ಮೊದಲು ಒಣ ಶಬ್ದ, ಯಾರೋ ಉಗುರಿನಿಂದ ಬಾಗಿಲು ಕುಟ್ಟಿದ ಹಾಗೆ. ಟಕಟಕ ಟಕಟಕ. ಲೆಯಾರ್ಕೊ ಕಣ್ಣು ಮುಚ್ಚಿಕೊಂಡಿದ್ದ. ಎಣ್ಣೆ ಮೇಲೇರಬೇಕು, ಏರುತ್ತಿದೆ, ಏರಿತು. ಕುಟ್ಟುವುದು ನಿಂತಿತು. ಆರು ಸಿಲಿಂಡರೂ ಒಂದೇ ಉಸಿರಿಗೆ ಬಂದವು. ಎಲ್ಲೋ ಎಡಗಡೆ ಒಂದೇ ಒಂದು ಸಣ್ಣ ಟಿಕ್ ಉಳಿದುಕೊಂಡಿತು. ಕಣ್ಣು ತೆರೆದು ನೋಡಿದರೆ ಶೆಡ್ಡಿನಿಂದ ಹೊರಬಂದ ಹೊಗೆ ಮಂಜಿನಷ್ಟೇ ಬೆಳ್ಳಗಿತ್ತು. ಸುಟ್ಟ ಎಣ್ಣೆಯ ವಾಸನೆ ಇರಲಿಲ್ಲ. ಅವನು ನಿಧಾನವಾಗಿ ಉಸಿರು ಬಿಟ್ಟ.

‘ದಿರ್ಚೆ, ಯಾರ ಜೊತೆ ಮಾತು?’ ಎರ್ಮೆಸ್ ಟಾರ್ಚು ಹಿಡಿದು ಹೊರಗೆ ಬಂದರು.

‘ಡಾಕ್ಟರು ಬಂದಿದಾರೆ. ಬೇಲಿ ಹಿಂದೆ ನಿಂತು ನಿಮ್ಮ ಕಾರಿನ ನಾಡಿ ನೋಡ್ತಿದಾರೆ.’

ಎರ್ಮೆಸ್ ಟಾರ್ಚನ್ನು ಬೇಲಿಯ ಕಡೆ ತಿರುಗಿಸಿದರು. ಪೊರೆ ಬಂದ ಕಣ್ಣಿಗೆ ಏನು ಕಂಡಿತೋ, ಅದನ್ನು ಆರಿಸಿದರು.

‘ಕೇಳಿಸ್ತಾ?’

‘ಕೇಳಿಸ್ತು. ಎಡಗಡೆ ಒಂದು ವಾಲ್ವು ಸಡಿಲ ಇದೆ.’

‘ನಾಲ್ಕು ವರ್ಷದಿಂದ ಇದೆ. ಪಟ್ಟಣದೋರು ಏನೂ ಇಲ್ಲ ಅಂದ್ರು.’

‘ಪಟ್ಟಣದೋರಿಗೆ ಕಿವಿ ಇಲ್ಲ’ ಅಂದ ಲೆಯಾರ್ಕೊ. ಎಂಟು ವರ್ಷದಿಂದ ಕೇಳದೆ ಉಳಿದಿದ್ದ ಮಾತು ತಾನಾಗಿ ಹೊರಬಂತು. ‘ನನ್ನ ಹತ್ರ ಯಾಕೆ ತರ್ಲಿಲ್ಲ, ಸರ್ವೇಯರ್ರೇ?’

‘ಮೊದಲೆರಡು ವರ್ಷ ಗ್ಯಾರಂಟಿ ಇತ್ತು. ಅವರ ಹತ್ರಾನೇ ಹೋಗ್ಬೇಕು ಅಂತ ಕಾಗದದಲ್ಲಿ ಬರ್ದಿತ್ತು. ಕಾಗದ ಅಂದ್ರೆ ನನಗೆ ಭಯ, ನಿನಗೆ ಗೊತ್ತಲ್ಲ.’

‘ಆಮೇಲೆ?’

‘ಆಮೇಲೆ ನಾಚಿಕೆ ಕಣೋ. ಎರಡು ವರ್ಷ ನಿನ್ನ ಬಾಗಿಲ ಮುಂದೇನೇ ಪಟ್ಟಣಕ್ಕೆ ಒಯ್ದು, ಯಾವ ಮುಖ ಇಟ್ಕೊಂಡು ಬರ್ಲಿ?’

‘ಇದೇ ಮುಖ ಸಾಕಾಗಿತ್ತು’ ಅಂದ ಲೆಯಾರ್ಕೊ. ಆಮೇಲೆ ಟೋಪಿ ತೆಗೆದು, ನೀರು ಝಾಡಿಸಿ, ‘ಭಾನುವಾರ ನಾನು ಆಡಿದ್ದು…’ ಅಂತ ಶುರು ಮಾಡಿದ.

‘ಕಾಫಿ ಕುಡಿದಿದ್ರೆ ಸಾಕಿತ್ತು’ ಅಂದಳು ದಿರ್ಚೆ. ‘ಒಳಗೆ ಬಾ. ಬೇಲಿ ಹಾರ್ಬೇಡ, ಗೇಟಿದೆ.’

ಈ ಸಲ ಅವನು ಎರಡು ಲೋಟ ಕಾಫಿ ಕುಡಿದ. ಬಾನೆಟ್ ಎತ್ತಿ ನಿಂತು ತಲೆ ಕೆರೆದುಕೊಂಡ. ‘ಎಣ್ಣೆ ಎಲ್ಲಿ ಸೋರ್ತಿತ್ತು ಅಂತ ಈಗ ಹೇಗಮ್ಮಾ ತಿಳಿಯೋದು? ಒಂದು ತಿಂಗಳು ಓಡಿಸಿದ್ರೆ ತಾನೆ ಗುರುತು ಬೀಳೋದು.’

‘ನನ್ನ ಕೇಳು’ ಅಂದಳು ದಿರ್ಚೆ. ‘ಎರಡು ದಿನ ಅದರ ಹೊಟ್ಟೇಲಿ ಮುಖ ಇಟ್ಕೊಂಡು ಕೂತೋಳು ನಾನು. ಇಗೋ ಇಲ್ಲಿ, ಈ ಮುಚ್ಚಳದ ಹಿಂದೆ, ತಳ ಹಿಡಿದ ಪೊಲೆಂತಾ ಥರ ದಪ್ಪಗೆ ಕಟ್ಟಿತ್ತು. ಚಾಕು ತಗೊಂಡು ಕೆರೆದೆ. ಇಲ್ಲಿ ಕೆಳಗೆ ದಾರದಷ್ಟು ಒಂದು ಗೆರೆ, ಹಸಿ. ಆ ಕಡೆ ಪೂರ್ತಿ ಒಣ ಧೂಳು, ಉಫ್ ಅಂದ್ರೆ ಹಾರ್ತು. ಇನ್ನೇನು ಬೇಕು?’

ಲೆಯಾರ್ಕೊ ಅವಳು ತೋರಿಸಿದ ಜಾಗಕ್ಕೆಲ್ಲ ಬೆರಳಿಟ್ಟು ನೋಡಿದ. ಮುಚ್ಚಳದಡಿಯ ಎಣ್ಣೆ ತಡೆಯುವ ಪಟ್ಟಿ ಬದಲಾಯಿಸಬೇಕು. ಕೆಳಗಿನ ಗೆರೆ ಲೆಕ್ಕಕ್ಕಿಲ್ಲ. ನಲವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಅವನಿಗೆ ಇಷ್ಟು ಸರಿಯಾಗಿ ವರದಿ ಕೊಟ್ಟಿರಲಿಲ್ಲ.

‘ನಿಮ್ಮನ್ನ ನನ್ನ ಶೆಡ್ಡಿಗೆ ಸೇರಿಸ್ಕೋಬೇಕಿತ್ತು’ ಅಂದ.

‘ಯಾರು ಕರೆದ್ರು?’ ಅಂದಳು ದಿರ್ಚೆ.

ಮಂಜು ಎದ್ದ ಮೇಲೆ ಲೆಯಾರ್ಕೊ ಕಾರನ್ನು ನದಿ ಏರಿಯ ರಸ್ತೆಗೆ ಹತ್ತಿಸಿದ. ಪಕ್ಕದಲ್ಲಿ ಎರ್ಮೆಸ್. ಅವರಿಗೆ ರಸ್ತೆ ಕಾಣುತ್ತಿರಲಿಲ್ಲ, ಆದರೆ ಎಂಟು ವರ್ಷದ ತಿರುವುಗಳೆಲ್ಲ ಸೊಂಟಕ್ಕೆ ಗೊತ್ತಿದ್ದವು. ‘ಪಾಪ್ಲರ್ ತೋಪು ಮುಗೀತಾ? ಈಗ ಮೂರನೇ ಗೇರು’ ಅಂದರು. ಲೆಯಾರ್ಕೊ ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದ. ಎಂಟು ವರ್ಷ ದೂರದಿಂದ ಕೇಳಿದ್ದ ಶಬ್ದ ಈಗ ಬೆನ್ನಿನಲ್ಲಿ, ಹಲ್ಲಿನಲ್ಲಿ, ಸ್ಟೀರಿಂಗು ಹಿಡಿದ ಅಂಗೈಯಲ್ಲಿ ಇತ್ತು. ‘ನಗ್ತಿದೀಯಾ?’ ಅಂತ ಎರ್ಮೆಸ್ ಕೇಳಿದಾಗ ‘ಇಲ್ಲ’ ಅಂದ. ನಗುತ್ತಿದ್ದ.

ಕಾರನ್ನು ನೆಟ್ಟಗೆ ತನ್ನ ಮನೆ ಮುಂದೆ ತಂದು ನಿಲ್ಲಿಸಿದ. ಆರ್ಜಿಯಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಎರ್ಮೆಸ್ ಇಳಿದು ಬಾಗಿಲು ಹಿಡಿದು, ‘ಕೂತು ನೋಡಿ ಆರ್ಜಿಯಾ’ ಅಂದರು.

ಅವಳು ಕೂರಲು ಹೋದಳು. ಸೀಟು ಅವಳು ಎಣಿಸಿದ್ದಕ್ಕಿಂತ ಒಂದು ಮೊಳ ಕೆಳಗಿತ್ತು. ಬಾವಿಗೆ ಬಿಂದಿಗೆ ಬಿದ್ದ ಹಾಗೆ ದಡ್ ಅಂತ ಬಿದ್ದಳು. ಒಳಗೆ ಚೆನ್ನಾಗಿತ್ತು, ಸೀಟು ಸವರಿದಳು, ಮುಂದಿನ ಪುಟ್ಟ ಪೆಟ್ಟಿಗೆ ತೆಗೆದು ಮುಚ್ಚಿದಳು. ಏಳಲು ಹೋದಾಗ ಏಳಲಾಗಲಿಲ್ಲ. ಒಂದು ಕಾಲು ಹೊರಗಿಟ್ಟಳು, ಬಾಗಿಲ ಕಂಬ ಹಿಡಿದಳು, ಇನ್ನೊಮ್ಮೆ ಏಳಲು ನೋಡಿದಳು. ಮುಖದಲ್ಲಿ ನಗುವಿತ್ತು. ಆದರೆ ಕಂಬ ಹಿಡಿದ ಬೆರಳಿನ ಗಿಣ್ಣು ಬಿಳಿಚಿಕೊಂಡಿದ್ದವು. ಮಂಡಿ ನೋಯುತ್ತಿತ್ತು. ಅದನ್ನು ಅವಳು ಹೇಳುವುದಿಲ್ಲ ಅಂತ ಲೆಯಾರ್ಕೊಗೆ ಗೊತ್ತಿತ್ತು.

ಅವನೂ ಎರ್ಮೆಸ್ಸೂ ಒಂದೊಂದು ಕೈ ಹಿಡಿದು ಎಳೆದು ಎಬ್ಬಿಸಿದರು. ಲೆಯಾರ್ಕೊ ಬಾಗಿಲು ಮೆತ್ತಗೆ ಮುಚ್ಚಿದ. ಕಾರಿನ ಮೇಲಿಂದ ಕೈ ತೆಗೆದ.

‘ಬೇಡ ಬಿಡಿ ಸರ್ವೇಯರ್ರೇ’ ಅಂದ. ‘ಕಾರಿಗೇನೂ ಊನ ಇಲ್ಲ. ನಮಗೆ ಎತ್ತರದ್ದೇ ಸರಿ.’

ಎರ್ಮೆಸ್ ತಲೆಯಾಡಿಸಿದರು. ಇಬ್ಬರೂ ನೆಲ ನೋಡುತ್ತ ನಿಂತರು.

‘ಯಾರು ಬೇಡ ಅಂದಿದ್ದು?’ ಅಂದಳು ಆರ್ಜಿಯಾ.

‘ನಿನ್ನ ಮಂಡಿ.’

‘ನನ್ನ ಮಂಡಿ ನನ್ನ ಕೇಳದೆ ಮಾತಾಡಲ್ಲ. ನೋಡು ಮುದ್ಕಾ, ಮೂರು ದಿನ ನಿನ್ನ ಮುಖ ನೋಡಿ ಸಾಕಾಗಿದೆ. ಎತ್ತರದ್ದು ತಗೊಂಡು ಮೂರು ವರ್ಷ ಅದೇ ಮುಖ ನೋಡೋ ಶಕ್ತಿ ನನಗಿಲ್ಲ. ನಲವತ್ತಾರು ವರ್ಷ ಆ ವ್ಯಾನಲ್ಲಿ ಡೀಸೆಲ್ ವಾಸನೆ ಕುಡ್ಕೊಂಡು ಕೂತಿದೀನಿ. ಡಾಕ್ಟರು ನಿನಗೆ ಮೂರು ವರ್ಷ ಕೊಟ್ಟಿದಾರೆ. ನನ್ನ ಮಂಡಿಗೂ ಅಷ್ಟೇ ಉಳಿದಿದೆ ಅಂತ ಕಾಣುತ್ತೆ. ಮುಗಿದ ಮೇಲೆ ಇಬ್ರೂ ಮನೇಲಿ ಕೂರೋಣ. ಅಲ್ಲಿ ತನಕ ನನ್ನ ಎಳೆದು ಎಬ್ಬಿಸೋ ಕೆಲಸ ನಿಂದು.’

‘ಪ್ರತಿ ಸಲಾನಾ?’

‘ಪ್ರತಿ ಸಲ. ಇಗರ್ಜಿ ಮುಂದೇನೂ. ಎಲ್ಲರೂ ನೋಡ್ತಿದ್ರೂ.’

ಲೆಯಾರ್ಕೊ ಅವಳ ಮುಖ ನೋಡಿದ. ಆಮೇಲೆ ಎರ್ಮೆಸ್‌ರ ಕಡೆ ತಿರುಗಿ ಬೆಲೆ ಕೇಳಿದ. ಅವರು ತೊಂಬತ್ತು ಲಕ್ಷ ಲೀರಾ ಅಂದರು, ಹಳೇ ಕಾರಿಗೆ ನ್ಯಾಯವಾದ ಬೆಲೆಯೇ. ಚೌಕಾಸಿ ಮಾಡದೆ ಕೊಂಡರೆ ಕಾರಿಗೇ ಅವಮಾನ. ಲೆಯಾರ್ಕೊ ಎಂಬತ್ತು ಅಂದ. ಇಬ್ಬರೂ ಹಟ ಮಾಡುವ ಹಾಗೆ ನಟಿಸುತ್ತಿರುವಾಗ ಆರ್ಜಿಯಾ ದನದ ಸಂತೆಯ ದಲ್ಲಾಳಿಯ ಹಾಗೆ ಇಬ್ಬರ ಬಲಗೈ ಹಿಡಿದು ಜೋಡಿಸಿ, ‘ಎಂಬತ್ತೈದು’ ಅಂತ ಮೇಲೆ ಒಂದು ಏಟು ಕೊಟ್ಟಳು. ಸಂತೆಯಲ್ಲಿ ಆ ಏಟು ಬಿದ್ದ ಮೇಲೆ ಮಾತಿಲ್ಲ.

ಪಾರ್ಮಾದವನಿಗೆ ಬರಬೇಡ ಅಂತ ಹೇಳಿ ಕಳಿಸಿದರು. ಮುಂದಿನ ಸೋಮವಾರ ಸತ್ತವರ ದಿನ, ಎಲ್ಲರೂ ಸಮಾಧಿಗೆ ಹೂವು ಇಡಬೇಕು. ಮಂಗಳವಾರ ಕಾಗದ ಮಾಡಿಸುವುದಕ್ಕೆ ಆರ್ಜಿಯಾ ಒಪ್ಪಲಿಲ್ಲ. ಮಂಗಳವಾರ, ಶುಕ್ರವಾರ ಮದುವೆಯೂ ಬೇಡ, ಪ್ರಯಾಣವೂ ಬೇಡ ಅಂತ ಅವಳ ತಾಯಿ ಹೇಳುತ್ತಿದ್ದಳಂತೆ. ಹಾಗಾಗಿ ಬುಧವಾರ ಗ್ವಾಸ್ತಾಲ್ಲಾ ಪಟ್ಟಣಕ್ಕೆ ಹೋಗಿ ಕಾಗದ ಮಾಡಿಸಿದರು. ಕೆಲಸ ಬಿಟ್ಟ ಮೇಲೆ ಮುಚ್ಚಿದ್ದ ಲೆಯಾರ್ಕೊನ ಶೆಡ್ಡಿನ ಬಾಗಿಲು ಆಮೇಲೆ ಆರು ದಿನ ಮತ್ತೆ ತೆರೆದಿತ್ತು. ಅವನು ವಾಲ್ವು ಸರಿ ಮಾಡಿದ, ಮುಚ್ಚಳದ ಪಟ್ಟಿ ಬದಲಾಯಿಸಿದ. ಎರ್ಮೆಸ್ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು, ಹನ್ನೆರಡರ ಸ್ಪ್ಯಾನರ್ ಕೇಳಿದರೆ ಹದಿನಾಲ್ಕರದ್ದು ಕೊಡುತ್ತಿದ್ದರು. ಲೆಯಾರ್ಕೊ ಬೈಯುತ್ತಿದ್ದ. ಮೂರು ದಿನದಲ್ಲಿ ಮುಗಿಯುವ ಕೆಲಸ ಅದು. ಆರು ದಿನ ಹಿಡಿಯಿತು.

ಎರ್ಮೆಸ್‌ರ ಮನೆ ಸಾಮಾನಿನ ಲಾರಿ ಹಿಂದಿನ ದಿನವೇ ಹೋಗಿತ್ತು. ಬೆಳಗ್ಗೆ ಒಂಬತ್ತಕ್ಕೆ ಲೆಯಾರ್ಕೊ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ. ಆರ್ಜಿಯಾ ದಾರಿಗೆ ಅಂತ ಸುಟ್ಟ ಚೆಸ್ಟ್‌ನಟ್ ಪೊಟ್ಟಣ, ಹೊಸ ವೈನಿನ ಒಂದು ಬಾಟಲಿ ಕೊಟ್ಟಳು. ಅವಳು ಹೋಗಲಿಲ್ಲ, ಸರೋವರದವರ ಮುಂದೆ ಎಳೆಸಿಕೊಂಡು ಏಳಲು ತಾನು ತಯಾರಿಲ್ಲ ಅಂದಳು. ಎರ್ಮೆಸ್ ಮುಂದೆ ಕೂತರು. ದಿರ್ಚೆ ಹಿಂದಿನ ಸೀಟಿನಲ್ಲಿ ತಾಮ್ರದ ಪಾತ್ರೆಗಳ ನಡುವೆ, ಬೆಕ್ಕಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತು, ಆರ್ಜಿಯಾಳ ಕೈಯನ್ನು ಕಿಟಕಿಯಿಂದ ಹಿಡಿದವಳು ಕಾರು ಅಲುಗುವ ತನಕ ಬಿಡಲಿಲ್ಲ. ಹಾಗೆ, ಅರವತ್ತು ವರ್ಷ ಇದ್ದ ಊರನ್ನು ಎರ್ಮೆಸ್ಸೂ ದಿರ್ಚೆಯೂ ಬಿಟ್ಟು ಹೊರಟದ್ದು ನವೆಂಬರ್ ಹನ್ನೊಂದು, ಬುಧವಾರ, ಸಂತ ಮಾರ್ತಿನೊ ದಿನ.